ಮನೆಗೆ ಇಂಟರ್ನೆಟ್ ಹಾಕಿಸುವ ಮುಂಚೆ ಅಪ್‌ಲೋಡ್ ಎಷ್ಟು ಅಂತ ಕೇಳಿ: ಬ್ರಿಟನ್ನಿಗೆ ಹೊಸದಾಗಿ ಬಂದ ಕುಟುಂಬಗಳಿಗೆ

ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ಬೇಸಿಗೆಯಾದರೆ ಊರಲ್ಲಿ ಆಗ ಮಧ್ಯಾಹ್ನ ಎರಡೂವರೆ. ಊಟ ಮುಗಿಸಿ ಅಪ್ಪ ಅಮ್ಮ ಫೋನ್ ಹಿಡಿದು ಕೂತಿರುತ್ತಾರೆ. ವಿಡಿಯೋ ಕಾಲ್‌ನಲ್ಲಿ ಅವರು ನಿಮಗೆ ಚೆನ್ನಾಗಿಯೇ ಕಾಣುತ್ತಾರೆ. ಹಿಂದಿನ ಗೋಡೆಯ ಕ್ಯಾಲೆಂಡರಿನ ತಾರೀಖನ್ನೂ ಓದಬಹುದು. ಆದರೆ ಆ ಕಡೆಯಿಂದ ಅಮ್ಮ, "ಏನೋ, ಬಾಯಿ ಬಿಟ್ಕೊಂಡು ಹಾಗೇ ನಿಂತ್ಬಿಟ್ಟಿದೀಯ, ಮಾತೂ ತುಂಡು ತುಂಡಾಗಿ ಕೇಳ್ತಿದೆ" ಅನ್ನುತ್ತಾರೆ.

ಇಂಥ ದೂರು ನಮ್ಮ ಸಂಘದ ವಾಟ್ಸಾಪ್ ಗುಂಪಿಗೆ ಆಗಾಗ ಬರುತ್ತದೆ. ಸ್ಪೀಡ್ ಟೆಸ್ಟ್‌ನ ಫೋಟೋ ಹಾಕಿ, "ನೋಡಿ ಸರ್, 67 ಬರ್ತಿದೆ, ಆದ್ರೂ ಹೀಗೆ" ಅನ್ನುತ್ತಾರೆ. ಅದೇ ಫೋಟೋದಲ್ಲಿ 67ರ ಪಕ್ಕ ಇನ್ನೊಂದು ಚಿಕ್ಕ ಅಂಕಿ ಇರುತ್ತದೆ. ಅದನ್ನು ಯಾರೂ ಗಮನಿಸಿರುವುದಿಲ್ಲ. ಅದೇ ಅಪ್‌ಲೋಡ್. (ಎರಡೂ ಅಂಕಿ ಸೆಕೆಂಡಿಗೆ ಇಷ್ಟು ಮೆಗಾಬಿಟ್ ಅನ್ನುವ ಲೆಕ್ಕ.) ಹೊರಗಿನಿಂದ ನಿಮ್ಮ ಮನೆಗೆ ಬರುವುದು ಡೌನ್‌ಲೋಡ್, ನಿಮ್ಮ ಮನೆಯಿಂದ ಹೊರಗೆ ಹೋಗುವುದು ಅಪ್‌ಲೋಡ್. ಅಮ್ಮನ ಮುಖ ನಿಮಗೆ ಬರುವುದು ಮೊದಲನೆಯದರಲ್ಲಿ, ನಿಮ್ಮ ಮುಖ ಅಮ್ಮನಿಗೆ ಹೋಗುವುದು ಎರಡನೆಯದರಲ್ಲಿ.

ನಮ್ಮವರು ಇಲ್ಲಿ ಎಡವುವುದಕ್ಕೆ ಒಂದು ಕಾರಣ ಇದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆ ಮನೆಗೆ ಫೈಬರ್ ಹಾಕಿಸಿದ್ದವರಿಗೆ 100ರ ಪ್ಲಾನ್ ಅಂದರೆ ಸಾಮಾನ್ಯವಾಗಿ ಎರಡೂ ಕಡೆಗೆ 100. ಹಾಗಾಗಿ ಅಪ್‌ಲೋಡ್ ಅನ್ನು ಬೇರೆಯಾಗಿ ಕೇಳುವ ಅಭ್ಯಾಸವೇ ನಮಗಿಲ್ಲ. ಬ್ರಿಟನ್ನಿನಲ್ಲಿ ಹಾಗಲ್ಲ. ಜಾಹೀರಾತಿನಲ್ಲಿ ದೊಡ್ಡದಾಗಿ ಬರೆಯುವುದು ಡೌನ್‌ಲೋಡ್ ಮಾತ್ರ. ಅಪ್‌ಲೋಡ್ ಅದರ ಕಾಲು ಭಾಗ ಇರಬಹುದು, ಹತ್ತರಲ್ಲೊಂದು ಇರಬಹುದು, ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ.

ಮೊದಲು ಮನೆಯ ಗೋಡೆ ನೋಡಿ

ಅಪ್‌ಲೋಡ್ ಎಷ್ಟು ಸಿಗುತ್ತದೆ ಅನ್ನುವುದು ಕಂಪನಿಯ ಹೆಸರಿಗಿಂತ ಜಾಸ್ತಿ ಮನೆಯೊಳಗೆ ಬರುವ ತಂತಿಯ ಮೇಲೆ ನಿಂತಿದೆ. ಬಾಡಿಗೆ ಮನೆ ನೋಡಲು ಹೋದಾಗ ಅಡುಗೆಮನೆ, ಬಾತ್‌ರೂಮ್ ನೋಡುತ್ತೀರಲ್ಲ, ಹಾಗೇ ಹಾಲ್‌ನ ಗೋಡೆಯ ಬುಡವನ್ನೂ ಒಂದು ಸಲ ನೋಡಿ.

ಬಿಳಿ ಟೆಲಿಫೋನ್ ಸಾಕೆಟ್ ಮಾತ್ರ ಇದ್ದರೆ ಒಳಗೆ ಬರುವುದು ತಾಮ್ರದ ತಂತಿ. ಹೆಚ್ಚಿನ ಕಡೆ ಫೈಬರ್ ನಿಮ್ಮ ಬೀದಿಯ ಫುಟ್‌ಪಾತ್ ಮೇಲಿರುವ ಹಸಿರು ಪೆಟ್ಟಿಗೆಯ ತನಕ ಬಂದಿರುತ್ತದೆ, ಅಲ್ಲಿಂದ ಮನೆಗೆ ಹಳೇ ಫೋನ್ ತಂತಿಯೇ. ಇದರಲ್ಲಿ ಅತಿ ಹೆಚ್ಚು ಅಂದರೆ ಡೌನ್‌ಲೋಡ್ 80, ಅಪ್‌ಲೋಡ್ 20 ಮೆಗಾಬಿಟ್. ಕಡಿಮೆ ಬೆಲೆಯ ಪ್ಲಾನ್‌ನಲ್ಲಿ ಅಪ್‌ಲೋಡ್ 10ಕ್ಕೇ ನಿಲ್ಲುತ್ತದೆ. ಪೆಟ್ಟಿಗೆಯಿಂದ ಮನೆ ದೂರ ಆದಷ್ಟೂ ಎರಡೂ ಇಳಿಯುತ್ತವೆ. ಹಸಿರು ಪೆಟ್ಟಿಗೆಗೂ ಫೈಬರ್ ಬಾರದ ಹಳ್ಳಿ ಕಡೆಯ ಹಳೇ ಲೈನ್‌ನಲ್ಲಿ ಅಪ್‌ಲೋಡ್ ಸುಮಾರು 1 ಮೆಗಾಬಿಟ್ ಅಷ್ಟೇ. ಅಂಥ ಮನೆಯಲ್ಲಿ ಕೂತು ಆಫೀಸ್ ಕೆಲಸ ಮಾಡುವುದು ನಿಜಕ್ಕೂ ಕಷ್ಟ.

ನಮ್ಮೂರಿನ ಕೇಬಲ್ ಟೀವಿಗೆ ಬರುತ್ತಿತ್ತಲ್ಲ, ಹಾಗೆ ತಿರುಗಿಸಿ ಕೂರಿಸುವ ದುಂಡನೆಯ ಸಾಕೆಟ್ ಇದ್ದರೆ ಅದು ಕೇಬಲ್ ಲೈನ್ ಇರಬಹುದು. ಟೀವಿ ಆಂಟೆನಾ ಮತ್ತು ಡಿಶ್‌ನ ಸಾಕೆಟ್‌ಗಳೂ ಅದೇ ಥರ ಕಾಣುತ್ತವೆ, ಅದಕ್ಕೇ ಮಾಲೀಕರನ್ನು ಕೇಳಿ ಖಚಿತ ಮಾಡಿಕೊಳ್ಳಿ. ಬ್ರಿಟನ್ನಿನಲ್ಲಿ ಕೇಬಲ್ ಅಂದರೆ ಬಹುತೇಕ ವರ್ಜಿನ್ ಮೀಡಿಯಾ. ಡೌನ್‌ಲೋಡ್ ಭರ್ಜರಿ ಇರುತ್ತದೆ, ಅಪ್‌ಲೋಡ್ ಮಾತ್ರ ಸುಮಾರು ಹತ್ತರಲ್ಲೊಂದು. 500ರ ಪ್ಲಾನ್‌ಗೆ 50ರ ಆಸುಪಾಸು ಅಂದುಕೊಳ್ಳಿ.

ಗೋಡೆಯ ಮೇಲೆ ಅಂಗೈಯಷ್ಟು ದೊಡ್ಡ ಬಿಳಿ ಪೆಟ್ಟಿಗೆ ಇದ್ದು, ಅದಕ್ಕೆ ದಾರದಷ್ಟು ತೆಳುವಾದ ತಂತಿ ಬಂದು, ಹಸಿರು ದೀಪ ಉರಿಯುತ್ತಿದ್ದರೆ ಅದು ಪೂರ್ತಿ ಫೈಬರ್. ಮನೆ ಇಷ್ಟವಾದರೆ ಒಪ್ಪಿಕೊಳ್ಳಲು ಇದೂ ಒಂದು ಒಳ್ಳೆಯ ಕಾರಣ. ಆದರೂ ಅಪ್‌ಲೋಡ್ ಎಷ್ಟು ಅಂತ ಕೇಳಲೇಬೇಕು. ಓಪನ್‌ರೀಚ್ ಅಂದರೆ ಬೇರೆ ಬೇರೆ ಕಂಪನಿಗಳು ಬಳಸುವ, ದೇಶದ ಅತಿ ದೊಡ್ಡ ಜಾಲ. ಅದರ ಫೈಬರ್ ಮೇಲೆ ಮಾರುವ ಪ್ಲಾನ್‌ಗಳಲ್ಲಿ ಎರಡೂ ಕಡೆ ಒಂದೇ ಸ್ಪೀಡ್ ಇರುವುದು ಅಪರೂಪ. ಡೌನ್‌ಲೋಡ್ 150ರ ಹತ್ತಿರ ಇದ್ದರೆ ಅಪ್‌ಲೋಡ್ 30ರ ಹತ್ತಿರ, 500 ಇದ್ದರೆ 70 ಚಿಲ್ಲರೆ, 900 ಇದ್ದರೆ 110ರ ಸುಮಾರು. ಹೈಪರ್‌ಆಪ್ಟಿಕ್, ಲಂಡನ್ನಿನ ಕಮ್ಯುನಿಟಿ ಫೈಬರ್, ಸಿಟಿಫೈಬರ್ ಜಾಲ ಬಳಸುವ ಕಂಪನಿಗಳು, ಇವುಗಳ ಹೆಚ್ಚಿನ ಪ್ಲಾನ್‌ಗಳಲ್ಲಿ ಮಾತ್ರ ಬೆಂಗಳೂರಿನ ಹಾಗೆ ಎರಡೂ ಕಡೆ ಸಮ. ನಿಮ್ಮ ಬೀದಿಯಲ್ಲಿ ಇಂಥದ್ದೊಂದು ಇದ್ದರೆ ಮೊದಲು ಅದನ್ನೇ ವಿಚಾರಿಸಿ ಅನ್ನುವುದು ನನ್ನ ಸಲಹೆ.

"ಫೈಬರ್" ಅನ್ನುವ ಪದವೊಂದನ್ನೇ ನಂಬಬೇಡಿ. ವರ್ಷಗಟ್ಟಲೆ ತಾಮ್ರದ ತಂತಿಯ ಲೈನನ್ನೂ ಫೈಬರ್ ಅಂತಲೇ ಮಾರಿದರು. ಮನೆಯ ತನಕ ಫೈಬರ್ ಬಂದರೆ ಮಾತ್ರ ಆ ಪದ ಬಳಸಿ ಅಂತ ಇಲ್ಲಿನ ನಿಯಂತ್ರಣ ಸಂಸ್ಥೆ ಆಫ್‌ಕಾಮ್ ಹೇಳಿದ್ದು 2024ರ ಸೆಪ್ಟೆಂಬರಿನಿಂದ ಜಾರಿಗೆ ಬಂದಿದೆ. ಆದರೆ ಬಾಯಿಮಾತಿನಲ್ಲಿ, ಮನೆ ಬಾಡಿಗೆಗೆ ಕೊಡುವವರ ಮಾತಿನಲ್ಲಿ ಹಳೇ ಅಭ್ಯಾಸ ಹೋಗಿಲ್ಲ.

ಯಾಕೆ ಹೀಗೆ?

ಒಂದು ರಸ್ತೆ ಅಂದುಕೊಳ್ಳಿ, ಅಗಲ ಇಷ್ಟೇ. ಅದರಲ್ಲಿ ಬರುವ ಗಾಡಿಗೆ ಎಷ್ಟು ಜಾಗ, ಹೋಗುವ ಗಾಡಿಗೆ ಎಷ್ಟು ಜಾಗ ಅಂತ ಮೊದಲೇ ಗೆರೆ ಎಳೆಯಬೇಕು. ತಾಮ್ರದ ತಂತಿಯಲ್ಲೂ ಟೀವಿ ಕೇಬಲ್‌ನಲ್ಲೂ ಈ ಗೆರೆ ಎಳೆದಿದ್ದು ಜನ ಮನೆಯಲ್ಲಿ ಕೂತು ಬರೀ ನೋಡುತ್ತಿದ್ದ, ಓದುತ್ತಿದ್ದ ಕಾಲದಲ್ಲಿ. ಹಾಗಾಗಿ ಬರುವುದಕ್ಕೆ ಜಾಸ್ತಿ ಜಾಗ, ಹೋಗುವುದಕ್ಕೆ ಒಂದು ಓಣಿ. ಫೈಬರ್‌ನಲ್ಲಿ ಜಾಗದ ಕೊರತೆ ಅಷ್ಟಿಲ್ಲ. ಆದರೂ ಹಳೇ ಮಾದರಿಯ ಫೈಬರ್ ಜಾಲದಲ್ಲಿ ಹಲವು ಮನೆಗಳು ಸೇರಿ ಹಂಚಿಕೊಳ್ಳುವ ಒಟ್ಟು ಸ್ಪೀಡ್ ಡೌನ್‌ಲೋಡ್‌ಗೆ ಸುಮಾರು 2.5 ಗಿಗಾಬಿಟ್, ಅಪ್‌ಲೋಡ್‌ಗೆ ಅದರ ಅರ್ಧ. ಈಚಿನ ಜಾಲಗಳಲ್ಲಿ ಎರಡೂ ಕಡೆ 10. ಎರಡೂ ಕಡೆ ಸಮ ಕೊಡುವ ಕಂಪನಿಗಳು ಹೊಸದಾಗಿ ಜಾಲ ಹಾಕಿದವರೇ ಆಗಿರುವುದಕ್ಕೆ ಇದೂ ಒಂದು ಕಾರಣ.

ನಮ್ಮ ಮನೆಗೆ ಎಷ್ಟು ಬೇಕು?

ಝೂಮ್‌ನಂಥ ವಿಡಿಯೋ ಕಾಲ್‌ಗೆ ಅಪ್‌ಲೋಡ್ 1ರಿಂದ 4 ಮೆಗಾಬಿಟ್ ಸಾಕು. ಮುಖ ಎಷ್ಟು ಸ್ಪಷ್ಟವಾಗಿ ಹೋಗಬೇಕು ಅನ್ನುವುದರ ಮೇಲೆ ಇದು ಹೆಚ್ಚು ಕಡಿಮೆ ಆಗುತ್ತದೆ. ಗಂಡ ಒಂದು ರೂಮಿನಲ್ಲಿ ಮೀಟಿಂಗ್, ಹೆಂಡತಿ ಇನ್ನೊಂದರಲ್ಲಿ, ಮಗಳು ಊಟದ ಟೇಬಲ್ ಮೇಲೆ ಆನ್‌ಲೈನ್ ಕನ್ನಡ ಕ್ಲಾಸ್ ಅಂದರೂ 10 ಮೆಗಾಬಿಟ್‌ನಲ್ಲಿ ಹೇಗೋ ನಡೆಯುತ್ತದೆ. ಹಾಗಾದರೆ ಕಾಲ್ ಯಾಕೆ ನಿಲ್ಲುತ್ತದೆ?

ನಾನು ಬಂದ ಮೊದಲ ವರ್ಷ ಇದು ಅರ್ಥವಾಗದೆ ಆರು ತಿಂಗಳು ಒದ್ದಾಡಿದ್ದೆ. ಬಾಡಿಗೆ ಮನೆ, ಹಸಿರು ಪೆಟ್ಟಿಗೆಯಿಂದ ದೂರ, ಅಪ್‌ಲೋಡ್ 6 ಬರುತ್ತಿತ್ತು. ಕಂಪನಿಯವರನ್ನು ಕೇಳಿದರೆ ಪ್ರತಿ ಸಲ ಡೌನ್‌ಲೋಡ್ ಅಂಕಿ ಓದಿ "ಎಲ್ಲ ಸರಿ ಇದೆ" ಅನ್ನುತ್ತಿದ್ದರು. ನನ್ನ ಕಾಲ್ ದಿನವೂ ಸಂಜೆ ಆರೂವರೆಗೆ ಸರಿಯಾಗಿ ಕೆಡುತ್ತಿತ್ತು. ಕೊನೆಗೊಂದು ದಿನ ಕೂತು ಗಮನಿಸಿದೆ. ಹೆಂಡತಿ ಕೆಲಸದಿಂದ ಬಂದು ಫೋನ್ ಚಾರ್ಜಿಗೆ ಹಾಕುವ ಹೊತ್ತು ಅದು. ಚಾರ್ಜಿಗೆ ಹಾಕಿದ ಕೂಡಲೇ ಫೋನ್ ಆ ದಿನದ ಫೋಟೋ, ವಿಡಿಯೋಗಳನ್ನೆಲ್ಲ ಕ್ಲೌಡ್‌ಗೆ ಕಳಿಸಲು ಶುರು ಮಾಡುತ್ತಿತ್ತು. ಇದ್ದ 6 ಮೆಗಾಬಿಟ್ ಪೂರ್ತಿ ಅದಕ್ಕೇ ಹೋಗುತ್ತಿತ್ತು. ಬ್ಯಾಕಪ್ ಅನ್ನು ಮಲಗುವ ಹೊತ್ತಿಗೆ ಹಾಕಿದ್ದೇ ತಡ, ಕಾಲ್ ಸರಿಹೋಯಿತು. ಒಂದು ಪೌಂಡ್ ಖರ್ಚಾಗಲಿಲ್ಲ.

ಅಪ್‌ಲೋಡ್ ತುಂಬಿಹೋದರೆ ಡೌನ್‌ಲೋಡ್ ಕೂಡ ಕೆಡುತ್ತದೆ. ಇದು ಗೊತ್ತಿಲ್ಲದೆ ಬಹಳ ಜನ ದೊಡ್ಡ ಪ್ಲಾನ್‌ಗೆ ಸುಮ್ನೆ ದುಡ್ಡು ಸುರಿಯುತ್ತಾರೆ. ನಿಮಗೆ ಏನೇ ಬಂದರೂ "ಬಂತು, ಮುಂದಿನದು ಕಳಿಸಿ" ಅಂತ ನಿಮ್ಮ ಕಡೆಯಿಂದ ಒಂದು ಚೀಟಿ ಹೋಗಬೇಕು. ಆ ಚೀಟಿ ಹೋಗುವುದೂ ಅದೇ ಓಣಿಯಲ್ಲಿ. ಓಣಿ ತುಂಬಿದ್ದರೆ ಚೀಟಿ ಸಿಕ್ಕಿಹಾಕಿಕೊಳ್ಳುತ್ತದೆ, ಮುಂದಿನದು ಬರುವುದೂ ತಡವಾಗುತ್ತದೆ.

ಇನ್ನೊಂದು ಲೆಕ್ಕ. ರಾಜ್ಯೋತ್ಸವದಲ್ಲಿ ಮಗಳು ಮಾಡಿದ ಡ್ಯಾನ್ಸ್ ವಿಡಿಯೋ 2 ಗಿಗಾಬೈಟ್ ಇದೆ ಅಂದುಕೊಳ್ಳಿ. ಸ್ಪೀಡ್ ಹೇಳುವುದು ಬಿಟ್‌ನಲ್ಲಿ, ಫೈಲ್ ಅಳೆಯುವುದು ಬೈಟ್‌ನಲ್ಲಿ, ಒಂದು ಬೈಟ್‌ಗೆ 8 ಬಿಟ್. ಹಾಗಾಗಿ 2 ಗಿಗಾಬೈಟ್ ಅಂದರೆ 16,000 ಮೆಗಾಬಿಟ್. ಅಪ್‌ಲೋಡ್ 1 ಇದ್ದರೆ ಇದನ್ನು ಊರಿಗೆ ಕಳಿಸಲು ನಾಲ್ಕೂವರೆ ಗಂಟೆ. 10 ಇದ್ದರೆ 27 ನಿಮಿಷ. 100 ಇದ್ದರೆ ಮೂರು ನಿಮಿಷವೂ ಬೇಡ.

ಇಬ್ಬರು ಮನೆಯಿಂದ ಕೆಲಸ ಮಾಡುವ ಮನೆಗೆ ಅಪ್‌ಲೋಡ್ 20 ಇದ್ದರೆ ನೆಮ್ಮದಿ. ಬಾಗಿಲಿಗೆ ಕ್ಯಾಮೆರಾ ಬೆಲ್, ಮನೆಗೆ ಕ್ಯಾಮೆರಾ ಹಾಕಿಸುವವರು, ದೊಡ್ಡ ಫೈಲ್ ಕಳಿಸುವ ಕೆಲಸದವರು 30ಕ್ಕಿಂತ ಮೇಲಿನದು ನೋಡಿ. ಡೌನ್‌ಲೋಡ್ 900 ಬೇಕಾದ ಮನೆ ನಾನಂತೂ ಹೆಚ್ಚು ಕಂಡಿಲ್ಲ.

ಸಹಿ ಹಾಕುವ ಮುಂಚೆ

ಆಫ್‌ಕಾಮ್‌ನ ವೆಬ್‌ಸೈಟಿನಲ್ಲಿ ಪೋಸ್ಟ್‌ಕೋಡ್ ಹಾಕಿ ಮನೆ ಆರಿಸಿದರೆ, ಆ ಮನೆಗೆ ಸಿಗಬಹುದಾದ ಡೌನ್‌ಲೋಡ್, ಅಪ್‌ಲೋಡ್ ಎರಡೂ ತೋರಿಸುತ್ತದೆ. ಮನೆಗೆ ಅಡ್ವಾನ್ಸ್ ಕೊಡುವ ಮುಂಚೆಯೇ ಇದನ್ನು ಮಾಡಿ. ಆಮೇಲೆ ಕಂಪನಿಯವರನ್ನು ನೇರವಾಗಿ ಕೇಳಿ: "ಈ ವಿಳಾಸಕ್ಕೆ, ಸಂಜೆ ಎಂಟರಿಂದ ಹತ್ತರವರೆಗೆ, ಅಪ್‌ಲೋಡ್ ಎಷ್ಟು ಬರುತ್ತದೆ?" ಹೇಳಿದ್ದನ್ನು ಬರಹದಲ್ಲಿ ಕೊಡಿ ಅನ್ನಿ. ಎಂಟರಿಂದ ಹತ್ತು ಯಾಕೆ ಅಂದರೆ ಎಲ್ಲರೂ ಮನೆಯಲ್ಲಿರುವ ಹೊತ್ತು ಅದು.

ಆಫ್‌ಕಾಮ್‌ನದ್ದೇ ಒಂದು ಒಪ್ಪಂದ ಇದೆ. ಅದಕ್ಕೆ ಒಪ್ಪಿದ ಕಂಪನಿಗಳು ಕನಿಷ್ಠ ಇಷ್ಟು ಸ್ಪೀಡ್ ಕೊಡುತ್ತೇವೆ ಅಂತ ಮಾತು ಕೊಡಬೇಕು. ಅದಕ್ಕಿಂತ ಇಳಿದು, ಹೇಳಿದ ಮೇಲೆ 30 ದಿನದೊಳಗೆ ಸರಿಮಾಡದಿದ್ದರೆ ನೀವು ದಂಡ ಕಟ್ಟದೆ ಬಿಟ್ಟು ಹೋಗಬಹುದು. ಒಳ್ಳೆಯದೇ. ಆದರೆ ಆ ಗ್ಯಾರಂಟಿ ಇರುವುದು ಡೌನ್‌ಲೋಡ್‌ಗೆ ಮಾತ್ರ. ಅಪ್‌ಲೋಡ್ ಸಾಲದು ಅಂತ ಆ ದಾರಿಯಲ್ಲಿ ಬಿಡಲು ಆಗುವುದಿಲ್ಲ. ಆನ್‌ಲೈನ್‌ನಲ್ಲೋ ಫೋನ್‌ನಲ್ಲೋ ಒಪ್ಪಿದ ಮೇಲೆ ಮನಸ್ಸು ಬದಲಾಯಿಸಲು 14 ದಿನ ಇರುತ್ತದೆ. ಎಷ್ಟೋ ಸಲ ಎಂಜಿನಿಯರ್ ಬಂದು ಲೈನ್ ಹಾಕುವಷ್ಟರಲ್ಲಿ ಅದು ಮುಗಿದಿರುತ್ತದೆ. ಅದಕ್ಕೇ ಮುಂಚೆ ಕೇಳಿ ಅಂತ ಇಷ್ಟು ಒತ್ತಿ ಹೇಳುತ್ತಿರುವುದು.

ಅವಧಿಯನ್ನೂ ನೋಡಿ. ಬಾಡಿಗೆ ಮನೆಯಲ್ಲಿ ಎಷ್ಟು ದಿನ ಇರುತ್ತೀರೋ ಗೊತ್ತಿರುವುದಿಲ್ಲ, ಇಂಟರ್ನೆಟ್ ಒಪ್ಪಂದ ಮಾತ್ರ 24 ತಿಂಗಳು ಇರಬಹುದು. ಹೊಸ ಮನೆಯಲ್ಲಿ ಅದೇ ಕಂಪನಿ ಇಲ್ಲದಿದ್ದರೆ ಏನು ಅಂತ ಮೊದಲೇ ಕೇಳಿಕೊಳ್ಳಿ. ಇಲ್ಲಿ ಇನ್ನೂ ಕ್ರೆಡಿಟ್ ಇತಿಹಾಸ ಇಲ್ಲದವರಿಗೆ ಕೆಲವು ಕಂಪನಿಗಳು ಇಲ್ಲ ಅನ್ನಬಹುದು, ಬೇಜಾರು ಮಾಡಿಕೊಳ್ಳಬೇಡಿ. ತಿಂಗಳ ಲೆಕ್ಕದ ಪ್ಲಾನ್ ಅಥವಾ ಸಿಮ್ ಹಾಕುವ 5ಜಿ ರೂಟರ್‌ನಿಂದ ಶುರು ಮಾಡಿ. ಹೊಸದಾಗಿ ಫೈಬರ್ ಎಳೆಸುವುದಾದರೆ ಗೋಡೆಗೆ ತೂತು ಕೊರೆಯುತ್ತಾರೆ, ಮಾಲೀಕರ ಒಪ್ಪಿಗೆ ಬರಹದಲ್ಲಿ ಇರಲಿ.

ಲೈನ್ ಬಂದ ಮೇಲೆ

ರೂಟರ್‌ನಿಂದ ಲ್ಯಾಪ್‌ಟಾಪ್‌ಗೆ ನೇರ ಕೇಬಲ್ ಹಾಕಿ, ಬೇರೆ ಎಲ್ಲದರ ವೈಫೈ ಆರಿಸಿ, ಆಫೀಸಿನ ವಿಪಿಎನ್ ತೆಗೆದು ಸ್ಪೀಡ್ ಟೆಸ್ಟ್ ಮಾಡಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂಬತ್ತಕ್ಕೆ ಒಂದು ಸಲ, ಮೂರು ದಿನ. ಎರಡೂ ಅಂಕಿ ಬರೆದಿಡಿ. ಕೇಬಲ್‌ನಲ್ಲಿ ಸರಿ ಬಂದು ವೈಫೈನಲ್ಲಿ ಕಡಿಮೆ ಬಂದರೆ ತಪ್ಪು ಕಂಪನಿಯದಲ್ಲ. ಇಲ್ಲಿನ ಹಳೇ ಇಟ್ಟಿಗೆ ಮನೆಗಳ ಗೋಡೆ ದಪ್ಪ. ಫೋನ್ ಕಳಿಸುವ ಸಿಗ್ನಲ್ ರೂಟರ್‌ನದ್ದಕ್ಕಿಂತ ದುರ್ಬಲ, ಆದ್ದರಿಂದ ಮಹಡಿ ಮೇಲೆ ಮೊದಲು ಬೀಳುವುದು ಅಪ್‌ಲೋಡೇ. ರೂಟರನ್ನು ಟೀವಿ ಹಿಂದಿನಿಂದ ತೆಗೆದು ಎತ್ತರದಲ್ಲಿ ಇಟ್ಟು ನೋಡಿ.

ಕೇಬಲ್‌ನಲ್ಲೂ ಹೇಳಿದ್ದಕ್ಕಿಂತ ಕಡಿಮೆ ಬಂದರೆ ಬರೆದಿಟ್ಟ ಅಂಕಿಗಳ ಸಮೇತ ಕಂಪನಿಗೆ ಬರಹದಲ್ಲಿ ದೂರು ಕೊಡಿ. ಒಪ್ಪಂದ ಮುಗಿದು ಬೇರೆ ಕಂಪನಿಗೆ ಹೋಗುವುದಾದರೆ 2024ರ ಸೆಪ್ಟೆಂಬರಿನಿಂದ ಹೊಸ ಕಂಪನಿಗೆ ಮಾತ್ರ ಹೇಳಿದರೆ ಸಾಕು, ಹಳೆಯದನ್ನು ಅವರೇ ನಿಲ್ಲಿಸುತ್ತಾರೆ.

ಗೊತ್ತಾಗದಿದ್ದರೆ ಗೋಡೆಯ ಸಾಕೆಟ್‌ನ ಫೋಟೋ ತೆಗೆದು, ರಸ್ತೆಯ ಹೆಸರಿನ ಜೊತೆ ಸಂಘದ ಗುಂಪಿಗೆ ಹಾಕಿ. ಮನೆ ನಂಬರ್ ಬೇಡ. ಆಚೀಚೆ ನಮ್ಮವರು ಯಾರಾದರೂ ಇದ್ದರೆ, ಆ ದಿನ ಸಂಜೆ ಒಂಬತ್ತಕ್ಕೆ ಅವರ ಮನೆಯಲ್ಲಿ ಟೆಸ್ಟ್ ಮಾಡಿ ಅಪ್‌ಲೋಡ್ ಎಷ್ಟು ಬಂತು ಅಂತ ಹೇಳುತ್ತಾರೆ.