ಕ್ಯಾಮಲ್ ರೂಟ್‌ನಲ್ಲಿ ಆರ್ಡರ್ ಕಳೆದುಹೋಗದಂತೆ ಮಾಡಿದ್ದು: ನನ್ನ ಅನುಭವ

"ಎಲ್ಲಾ ಡೇಟಾಬೇಸ್‌ಗೆ ಹಾಕಿಬಿಡು, ಸ್ಟೆಪ್‌ಗೊಂದು ಸಲ ಓದಿಕೋ" ಅಂತ, ಸ್ಟೆಪ್‌ಗಳ ನಡುವೆ ಆರ್ಡರ್ ಕಳೆದುಹೋಗುತ್ತಿದ್ದಾಗ, ಟೀಮಿನಲ್ಲಿ ಎಲ್ಲರೂ ಹೇಳಿದ್ದರು. ನಾನು ಕೇಳಲಿಲ್ಲ. ನಾಲ್ಕು ತಿಂಗಳಿಂದ ನಮ್ಮ ಅಪಾಚೆ ಕ್ಯಾಮಲ್ (ಬೇರೆಬೇರೆ ಸಿಸ್ಟಂಗಳನ್ನು ಜೋಡಿಸುವ ಜಾವಾ ಫ್ರೇಮ್‌ವರ್ಕ್) ರೂಟ್, ಅಂದರೆ ಮೆಸೇಜ್ ಹಾದುಹೋಗುವ ಸ್ಟೆಪ್‌ಗಳ ಸಾಲು, ಡೇಟಾಬೇಸ್ ಮುಟ್ಟದೆ ಓಡುತ್ತಿದೆ, ಅದಕ್ಕೇ ಈ ಧೈರ್ಯ.

ಕೆಲಸ ಇಷ್ಟೇ. ಆರ್ಡರ್ ಬರುತ್ತದೆ, ವಿಳಾಸ ಸರಿಯಿದೆಯಾ ಅಂತ ಹೊರಗಿನ ಸರ್ವಿಸ್‌ಗೆ ಕಾಲ್, ಆಮೇಲೆ ಸ್ಟಾಕ್, ಆಮೇಲೆ ಬಿಲ್. ಮೊದಲ ಕಾಲ್ ಮುಗಿಯುವಷ್ಟರಲ್ಲಿ ಬಾಡಿಯಲ್ಲಿ, ಅಂದರೆ ಮೆಸೇಜ್‌ನ ಮುಖ್ಯ ಭಾಗದಲ್ಲಿ, ಇದ್ದ ಆರ್ಡರ್ ಮಾಯ, ಅದರ ಜಾಗದಲ್ಲಿ ಉತ್ತರ ಕೂತಿರುತ್ತದೆ. ನಾನು ಇಡೀ ಆರ್ಡರ್ ಜೇಸನ್ (ಡೇಟಾ ಬರೆದಿಡುವ ಪಠ್ಯ ರೂಪ) ಅನ್ನು ಹೆಡರ್‌ಗೆ, ಅಂದರೆ ಮೆಸೇಜ್ ಜೊತೆ ಹೋಗುವ ಚೀಟಿಗೆ, ತುರುಕಿದೆ. ಸಣ್ಣ ಆರ್ಡರ್‌ಗಳು ಆರಾಮಾಗಿ ಹೋದವು. ಒಂದು ದಿನ ಅರವತ್ತು ಐಟಂನ ಆರ್ಡರ್ ಬಂತು, ಆ ಕಡೆಯಿಂದ ಸೀದಾ 400 ಎರರ್. ಅಲ್ಲಿದ್ದದ್ದು ಟಾಮ್‌ಕ್ಯಾಟ್ ಸರ್ವರ್, ಹೆಡರ್ ಮಿತಿ ಡೀಫಾಲ್ಟ್ 8 ಕೆಬಿ. ನಾಚಿಕೆ ಆಗಿದ್ದು ಅದಕ್ಕಲ್ಲ. ನಾವು ಇಟ್ಟ ಹೆಡರ್ ಎಚ್‌ಟಿಟಿಪಿ ಕಾಲ್ ಜೊತೆ ಹೊರಗೂ ಹೋಗುತ್ತದೆ ಅಲ್ವಾ, ಹಾಗಾಗಿ ಗ್ರಾಹಕರ ಫೋನ್ ನಂಬರ್ ಎರಡು ವಾರ ಹೊರಗಿನವರಿಗೆ ಹೋಗುತ್ತಲೇ ಇತ್ತು.

ಗಾಬರಿಯಲ್ಲಿ ಹೆಡರ್ ಕಿತ್ತೆ, ಬೇಕಾದಾಗಲೆಲ್ಲ ವಿಳಾಸದ ಸರ್ವಿಸ್‌ಗೆ ಮತ್ತೆ ಕಾಲ್ ಮಾಡಿದೆ. ಕಾಲ್‌ಗೆ ನಲವತ್ತು ಪೈಸೆ, ಆರ್ಡರ್‌ಗೆ ಮೂರು ಕಾಲ್, ತಿಂಗಳಿಗೆ ಹೆಚ್ಚುಕಡಿಮೆ 75 ಸಾವಿರ ಆರ್ಡರ್. ಬಿಲ್ 90 ಸಾವಿರದ ಹತ್ತಿರ ಬಂದಾಗ ಮ್ಯಾನೇಜರ್ ಕರೆದರು. ಈಗ ಆರ್ಡರ್‌ಗೆ ಒಂದೇ ಕಾಲ್, ಬಿಲ್ 30 ಸಾವಿರ, ಚಿಲ್ಲರೆ ಆಚೀಚೆ.

ಆಮೇಲೆ ಎಕ್ಸ್‌ಚೇಂಜ್ ಪ್ರಾಪರ್ಟಿಗೆ ಬಂದೆ. ಎಕ್ಸ್‌ಚೇಂಜ್ ಅಂದರೆ ರೂಟ್‌ನಲ್ಲಿ ಮೆಸೇಜ್ ಹೊತ್ತು ಸಾಗುವ ಡಬ್ಬಿ, ಪ್ರಾಪರ್ಟಿ ಅಂದರೆ ಆ ಡಬ್ಬಿಗೆ ಅಂಟಿಸಿದ ಮಾಹಿತಿ. ಅದು ಹೊರಗೆ ಸೋರುವುದಿಲ್ಲ, ರೂಟ್ ಮುಗಿಯುವವರೆಗೂ ಇರುತ್ತದೆ. ಆದರೆ ಬಿಲ್ಲಿಂಗ್‌ಗೆ ಮುಂಚೆ ನಮ್ಮಲ್ಲಿ ಒಂದು ಜೆಎಂಎಸ್ ಕ್ಯೂ (ಮೆಸೇಜ್‌ಗಳು ಸರದಿಯಲ್ಲಿ ಕಾಯುವ ಜಾಗ) ಇದೆ. ಆ ಕಡೆ ಹೊಸ ಎಕ್ಸ್‌ಚೇಂಜ್ ಹುಟ್ಟುತ್ತದೆ, ಪ್ರಾಪರ್ಟಿ ಈಚೆ ದಡದಲ್ಲೇ ಉಳಿಯಿತು. ಐಟಂ ಲಿಸ್ಟ್ ಅನ್ನು ಹೆಡರ್‌ನಲ್ಲಿಟ್ಟು ನೋಡಿದೆ, ಅದು ಸದ್ದಿಲ್ಲದೆ ಬಿದ್ದುಹೋಯಿತು. ಸ್ಟ್ರಿಂಗ್, ನಂಬರ್ ಥರದವು ಮಾತ್ರ ದಾಟುತ್ತವೆ. ಈ ಒಂದು ಸಾಲು ತಿಳಿಯೋಕೆ ಎರಡು ರಾತ್ರಿ ಹೋಯಿತು.

ನಡುವೆ ಸುಮ್ನೆ ಒಂದು ಪ್ರಯೋಗ. ಮೆಸೇಜನ್ನು ತುಂಡು ತುಂಡು ಮಾಡುವ ಸ್ಪ್ಲಿಟ್ ಒಳಗೆ ಸೆಟ್ ಮಾಡಿದ ಪ್ರಾಪರ್ಟಿ ಹೊರಗೆ ಬರಲ್ಲ. ಆದರೆ ಸ್ಪ್ಲಿಟ್‌ಗೆ ಮುಂಚೆಯೇ ಪ್ರಾಪರ್ಟಿಯಲ್ಲಿ ಒಂದು ಖಾಲಿ ಲಿಸ್ಟ್ ಇಟ್ಟರೆ, ಎಲ್ಲಾ ತುಂಡುಗಳಿಗೂ ಅದೇ ಆಬ್ಜೆಕ್ಟ್ ಸಿಗುತ್ತದೆ. ಖುಷಿಯಾಯಿತು. ತುಂಡುಗಳು ಒಟ್ಟೊಟ್ಟಿಗೆ ಓಡಲಿ ಅಂತ ಪ್ಯಾರಲಲ್ ಪ್ರೊಸೆಸಿಂಗ್ ಆನ್ ಮಾಡಿದೆ, 200 ಐಟಂನಲ್ಲಿ 197 ಮಾತ್ರ ಬಂದವು. ಅರೇಲಿಸ್ಟ್ ತೆಗೆದು, ಹಲವರು ಒಟ್ಟಿಗೆ ಬರೆದರೂ ತಡೆದುಕೊಳ್ಳುವ ಕನ್‌ಕರೆಂಟ್‌ಲಿಂಕ್ಡ್‌ಕ್ಯೂ ಹಾಕಿದ ಮೇಲೆ ಸರಿಹೋಯಿತು. ತುಂಡುಗಳ ಫಲಿತಾಂಶವನ್ನು ಒಟ್ಟುಗೂಡಿಸುವ ಅಗ್ರಿಗೇಶನ್ ಸ್ಟ್ರಾಟಜಿ ಬರೆಯೋದೇ ಮರ್ಯಾದೆಯ ದಾರಿ, ಒಪ್ಪುತ್ತೇನೆ.

ಕೊನೆಗೆ ಕೈಹಿಡಿದದ್ದು 2024ರಲ್ಲಿ ಕ್ಯಾಮಲ್ 4.4ರ ಜೊತೆ ಬಂದ ವೇರಿಯಬಲ್, ಅಂದರೆ ಮೆಸೇಜ್‌ನಿಂದ ಬೇರೆಯಾಗಿ ಹೆಸರಿಟ್ಟು ಮಾಹಿತಿ ಇಡುವ ಜಾಗ. ಕಾಲ್‌ಗೆ ವೇರಿಯಬಲ್‌ರಿಸೀವ್ ಅನ್ನೋ ಆಯ್ಕೆ ಕೊಟ್ಟರೆ ಉತ್ತರ ವೇರಿಯಬಲ್‌ನಲ್ಲಿ ಕೂರುತ್ತದೆ, ಬಾಡಿಯಲ್ಲಿರುವ ಆರ್ಡರ್ ಅಲುಗುವುದಿಲ್ಲ. ನನ್ನ ಮೂರು ಸೆಟ್‌ಪ್ರಾಪರ್ಟಿ, ಎರಡು ಪ್ರೊಸೆಸರ್ ಒಂದೇ ಏಟಿಗೆ ಹೋದವು. ಕ್ಯೂ ದಾಟುವಾಗ ವೇರಿಯಬಲ್ ಕೂಡ ಉಳಿಯಲ್ಲ, ಅಲ್ಲಿ ಮಾತ್ರ ಆರ್ಡರ್, ವಿಳಾಸ, ಸ್ಟಾಕ್ ಮೂರನ್ನೂ ಒಂದೇ ಬಾಡಿಗೆ ಕಟ್ಟಿ ಕಳಿಸುತ್ತೇನೆ, ಹೆಡರ್‌ನಲ್ಲಿ ಆರ್ಡರ್ ನಂಬರ್ ಒಂದೇ. ಆ ಕಟ್ಟನ್ನು ಹೇಗೆ ಕಟ್ಟುತ್ತೇನೆ ಅನ್ನೋದನ್ನು ಇಲ್ಲಿ ಹೇಳಲ್ಲ. ಡೇಟಾಬೇಸ್ ಅಂದವರೂ ಅದನ್ನೇ ಕೇಳುತ್ತಿದ್ದಾರೆ.