ಸ್ಲೊವೇನಿಯಾದ ನಾಣ್ಯಗಳನ್ನು ನಾನು ಜೋಡಿಸಿದ ರೀತಿ

ನಾಣ್ಯ ಕೂಡಿಡುವವರು ಸಾಮಾನ್ಯವಾಗಿ ಇಸವಿ ಪ್ರಕಾರ ಜೋಡಿಸುತ್ತಾರೆ. ನನ್ನ ಬೇರೆ ಆಲ್ಬಮ್‌ಗಳೂ ಹಾಗೇ ಇವೆ. ಸ್ಲೊವೇನಿಯಾದ್ದನ್ನು ಮಾತ್ರ ಚಿತ್ರದ ಪ್ರಕಾರ ಜೋಡಿಸಿದೆ. ಯಾಕೆಂದರೆ ಈ ದೇಶ ಹಣ ಬದಲಿಸಿದರೂ ಅದರ ಮೇಲಿದ್ದ ಮುಖಗಳನ್ನು, ಪ್ರಾಣಿಗಳನ್ನು ಅಷ್ಟು ಸುಲಭವಾಗಿ ಬಿಡಲಿಲ್ಲ.

20 ಲಕ್ಷ ಚಿಲ್ಲರೆ ಜನರ ದೇಶ ಇದು. 1991ರಲ್ಲಿ ಯುಗೊಸ್ಲಾವಿಯಾದಿಂದ ಬೇರೆಯಾಯಿತು. ಅದೇ ಅಕ್ಟೋಬರ್‌ನಲ್ಲಿ ದಿನಾರ್ ಹೋಗಿ ತೋಲಾರ್ ಬಂತು. ಆಗಿನ ತಾತ್ಕಾಲಿಕ ನೋಟುಗಳ ಮೇಲೆ ಟ್ರಿಗ್ಲಾವ್ ಬೆಟ್ಟ ಇದೆ, ಅಂಕಿ ಇದೆ, ಹಣದ ಹೆಸರೇ ಇಲ್ಲ! ಆಲ್ಬಮ್‌ನ ಮೊದಲ ಪುಟಕ್ಕೆ ಅದನ್ನೇ ಹಾಕಿದ್ದೇನೆ. 2007ರ ಜನವರಿ 1ಕ್ಕೆ ತೋಲಾರ್ ಕೂಡ ಹೋಯಿತು. 239.64 ತೋಲಾರ್‌ಗೆ ಒಂದು ಯೂರೋ. ಎರಡು ವಾರ ಎರಡೂ ಹಣ ನಡೆದವು, ಆಮೇಲೆ ಯೂರೋ ಮಾತ್ರ.

ಈ ದರ ಹಿಡಿದು ಲೆಕ್ಕ ಹಾಕಿದರೆ ತಮಾಷೆ ಶುರುವಾಗುತ್ತದೆ. 20 ತೋಲಾರ್ ನಾಣ್ಯದ ಮೇಲೆ ಕೊಕ್ಕರೆ ಇತ್ತು. ಆ ನಾಣ್ಯದ ಬೆಲೆ ಸುಮಾರು 8 ಸೆಂಟ್ (100 ಸೆಂಟ್ ಸೇರಿದರೆ ಒಂದು ಯೂರೋ). ಯೂರೋದಲ್ಲಿ ಕೊಕ್ಕರೆ ಬಂದು ಕೂತಿದ್ದು 1 ಸೆಂಟಿನ ಮೇಲೆ. ಪಾಪ, ಬೆಲೆ ಇಳಿಯಿತು. ಕುದುರೆಗೆ ಬಡ್ತಿ ಸಿಕ್ಕಿತು. 10 ತೋಲಾರ್ ನಾಣ್ಯದ ಮೇಲೆ, ಅಂದರೆ 4 ಸೆಂಟಿನಲ್ಲಿ ಇದ್ದದ್ದು, ಲಿಪಿಜ್ಜಾನರ್ ಎಂಬ ತಳಿಯ ಕುದುರೆಗಳಾಗಿ 20 ಸೆಂಟಿಗೆ ಏರಿತು. ಎಲ್ಲರಿಗಿಂತ ಅದೃಷ್ಟವಂತ ಪ್ರಿಮೋಜ್ ತ್ರೂಬಾರ್. 1550ರಲ್ಲಿ ಸ್ಲೊವೇನಿಯನ್ ಭಾಷೆಯ ಮೊದಲ ಪುಸ್ತಕ ಅಚ್ಚು ಹಾಕಿಸಿದವನು. 10 ತೋಲಾರ್ ನೋಟಿನಲ್ಲಿದ್ದವನು 1 ಯೂರೋ ನಾಣ್ಯಕ್ಕೆ ಬಂದ. ಅವನು ಹುಟ್ಟಿ 500 ವರ್ಷವಾದಾಗ, 2008ರಲ್ಲಿ, 2 ಯೂರೋ ಸ್ಮರಣಾರ್ಥ ನಾಣ್ಯವೂ ಆಯಿತು. ಕವಿ ಪ್ರೆಶೆರೆನ್‌ಗೆ ಉಲ್ಟಾ. 1000 ತೋಲಾರ್ ನೋಟು ಅಂದರೆ 4 ಯೂರೋಗಿಂತ ಸ್ವಲ್ಪ ಜಾಸ್ತಿ. ಈಗ ಅವನು 2 ಯೂರೋ ಮೇಲಿದ್ದಾನೆ.

ಹಾಗಾಗಿ ಒಂದು ಪುಟಕ್ಕೆ ಒಂದು ಚಿತ್ರ. ಹಳೇದು ಎಡಕ್ಕೆ, ಹೊಸದು ಬಲಕ್ಕೆ. ಅಂಬರಗುಬ್ಬಿಯ ಪುಟ ನನಗೆ ಇಷ್ಟ. ಎಡಕ್ಕೆ 2 ತೋಲಾರ್ ನಾಣ್ಯ. ಬಲಕ್ಕೆ ಯೂರೋ ಬಂದು ಹತ್ತು ವರ್ಷವಾದ ನೆನಪಿಗೆ 2017ರಲ್ಲಿ ತಂದ 2 ಯೂರೋ, ಅದರಲ್ಲೂ ಅಂಬರಗುಬ್ಬಿಯೇ. ವಾಸ್ತುಶಿಲ್ಪಿ ಪ್ಲೆಚ್ನಿಕ್‌ಗೆ ಮೂರು ಜಾಗ ಬೇಕಾಯಿತು: 500 ತೋಲಾರ್ ನೋಟು, ಅವನು ಬರೆದರೂ ಕಟ್ಟದೇ ಉಳಿದ ಸಂಸತ್ ಭವನದ ಚಿತ್ರವಿರುವ 10 ಸೆಂಟ್, ಮತ್ತೆ 2022ರ 2 ಯೂರೋ.

ತೋಲಾರ್ ಚಿಲ್ಲರೆ ದುಬಾರಿ ಅಲ್ಲ. ರಾಜಧಾನಿ ಲ್ಯುಬ್ಲಿಯಾನಾದಲ್ಲಿ ಭಾನುವಾರ ನದಿ ದಂಡೆಯ ಮೇಲೆ ಹಳೆ ಸಾಮಾನಿನ ಸಂತೆ ನಡೆಯುತ್ತದೆ. ನಾನು ಜಾಸ್ತಿ ತಂದಿದ್ದು ಅಲ್ಲಿಂದ. ಸುಮ್ನೆ ರಾಶಿಗೆ ಕೈ ಹಾಕಬೇಡಿ, ಮೊದಲು 5 ತೋಲಾರ್‌ಗಳನ್ನು ತಿರುಗಿಸಿ ನೋಡಿ. ಕಾಡುಮೇಕೆ ಇದ್ದರೆ ಮಾಮೂಲಿ ನಾಣ್ಯ. ಇಲ್ಲದಿದ್ದರೆ ಸ್ಮರಣಾರ್ಥ ನಾಣ್ಯ ಇರಬಹುದು. 1993ರಲ್ಲಿ, ಒಟ್ಟೋಮನ್ ತುರ್ಕರ ವಿರುದ್ಧ ನಡೆದ ಸಿಸೆಕ್ ಯುದ್ಧದ 400ನೇ ವರ್ಷಕ್ಕೆ ತಂದದ್ದು ಹಾಗೆ ಸಿಗುತ್ತದೆ. ತೋಲಾರ್ ನಾಣ್ಯಗಳನ್ನು ಬ್ಯಾಂಕಿನಲ್ಲಿ ಬದಲಿಸಿಕೊಳ್ಳುವ ಗಡುವು 2016ಕ್ಕೇ ಮುಗಿದಿದೆ. ಅದಕ್ಕೇ ವ್ಯಾಪಾರಿ ಹೇಳುವ ಬೆಲೆ ಸಂಗ್ರಹಗಾರರ ಬೆಲೆ, ಹಣದ ಬೆಲೆ ಅಲ್ಲ. ಚೌಕಾಸಿ ಮಾಡಬಹುದು.

ಊರಿಗೆ ತಂದ ಮೇಲೆ ಮಳೆಗಾಲ ನೋಡಿಕೊಳ್ಳಬೇಕು. 1, 2, 5 ಸೆಂಟ್‌ಗಳು ತಾಮ್ರದ ಲೇಪ ಹಚ್ಚಿದ ಉಕ್ಕು, ಅಯಸ್ಕಾಂತಕ್ಕೆ ಅಂಟುತ್ತವೆ, ತೇವಕ್ಕೆ ತುಕ್ಕು ಹಿಡಿಯುತ್ತವೆ. ಕೊಕ್ಕರೆ ನಾಣ್ಯವನ್ನು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಪಿವಿಸಿ ಹಾಳೆಯ ಅಗ್ಗದ ಆಲ್ಬಮ್ ಬೇಡ. ಹುಣಸೆಹಣ್ಣು ಹಾಕಿ ಉಜ್ಜುವುದಂತೂ ಬೇಡವೇ ಬೇಡ.

3 ಯೂರೋ ನಾಣ್ಯಗಳನ್ನು ನಾನು ತಗೊಳ್ಳಲ್ಲ. 2 ಯೂರೋ ಸ್ಮರಣಾರ್ಥ ನಾಣ್ಯ ಯೂರೋ ಇರುವ ಯಾವ ದೇಶದ ಅಂಗಡಿಯಲ್ಲೂ ನಡೆಯುತ್ತದೆ. 3 ಯೂರೋದ್ದು ಸ್ಲೊವೇನಿಯಾ ದಾಟಿದರೆ ನಡೆಯಲ್ಲ. ಜನರ ಜೇಬಿನಲ್ಲಿ ತಿರುಗಾಡದ ನಾಣ್ಯ ನನಗೆ ಅಷ್ಟು ರುಚಿಸಲ್ಲ.