ಹಳೇ ಮನೆಯನ್ನು ಮಳೆಯಲ್ಲೇ ತೋರಿಸಿ ಮಾರಿದ್ದು: ನನ್ನ ಅನುಭವ

ಮೈಸೂರಿನ ಕುವೆಂಪುನಗರದ ಅಪ್ಪನ ಮನೆ ಮಾರಿದ್ದು ಶ್ರಾವಣದಲ್ಲಿ, ಜಿಟಿಜಿಟಿ ಮಳೆ ಹಿಡಿದಿದ್ದಾಗ. "ಮಳೆಗಾಲದಲ್ಲಿ ಹಳೇ ಮನೆ ತೋರಿಸ್ತೀರಾ ಸಾರ್?" ಎಂದು ಬ್ರೋಕರ್‌ಗಳು ನಕ್ಕಿದ್ದರು. ಒಬ್ಬರಂತೂ "ಬಿಲ್ಡಿಂಗಿಗೆ ಬೆಲೆ ಇಲ್ಲ, ಸೈಟಿನ ರೇಟು ಅಷ್ಟೇ. ಒಂದು ರೂಪಾಯಿನೂ ಹಾಕ್ಬೇಡಿ" ಎಂದರು. ಅವರು ಕೊಡಿಸುತ್ತೇನೆ ಎಂದಿದ್ದು 98 ಲಕ್ಷ. ನನಗೆ ಸಿಕ್ಕಿದ್ದು 1 ಕೋಟಿ 9 ಲಕ್ಷ. ಮಳೆಯಲ್ಲಿ ತೋರಿಸಲು ಶುರು ಮಾಡಿ 19-20 ದಿನಕ್ಕೆ ಅಡ್ವಾನ್ಸ್ ಕೈಗೆ ಬಂತು. ಸೈಟು 30x40 ಅಡಿ, ಸಿಐಟಿಬಿ (ಆಗಿನ ನಗರಾಭಿವೃದ್ಧಿ ಮಂಡಳಿ) ಕಾಲದ್ದು.

ಮೊದಲು ಸೋತಿದ್ದನ್ನು ಹೇಳಿಬಿಡುತ್ತೇನೆ. ಅದಕ್ಕೂ ಮೂರು ವರ್ಷ ಮುಂಚೆ ಮಾವನವರ ಮನೆ ಮಾರಿಸಲು ಹೊರಟಿದ್ದೆ. ಬೇಸಿಗೆಯಲ್ಲಿ ಪುಟ್ಟಿ ಎಳೆಸಿ ಪೇಂಟ್ ಹೊಡೆಸಿದೆ. ಅಡುಗೆಮನೆಗೆ ಮಾಡ್ಯುಲರ್ ಕಿಚನ್ ಕೂರಿಸಿದೆ, ಅದಕ್ಕೇ 1 ಲಕ್ಷ 60 ಸಾವಿರ. ಒಳ್ಳೆ ಪಾರ್ಟಿ ಬರುವಷ್ಟರಲ್ಲಿ ಜೂನ್ ಆಗಿತ್ತು. ಹಾಲಿನ ಮೂಲೆಯಲ್ಲಿ ಪುಟ್ಟಿ ಹಪ್ಪಳದ ಹಾಗೆ ಎದ್ದು ನಿಂತಿತ್ತು. ಬಂದವರು ಅದನ್ನು ಉಗುರಲ್ಲಿ ಕಿತ್ತು, ಪುಡಿ ಮಾಡಿ ನೋಡಿ, ಅಲ್ಲೇ ನಿಂತು 6 ಲಕ್ಷ ಇಳಿಸಿದರು. ಮಾಡ್ಯುಲರ್ ಬಗ್ಗೆ ಒಂದು ಮಾತಿಲ್ಲ. ಆಮೇಲೆ ವಾಸ್ತು ನೋಡಿ ಅಡುಗೆಮನೆಯನ್ನೇ ಒಡೆಸಿದರಂತೆ.

ಅದಕ್ಕೇ ಈ ಸಲ ಟೆರೇಸಿನಿಂದ ಶುರು ಮಾಡಿದೆ. ಫೆಬ್ರವರಿಯಲ್ಲಿ ಮಳೆನೀರಿನ ಪೈಪಿಗೆ ಬಟ್ಟೆ ತುರುಕಿ, ಎರಡು ದಿನ ನೀರು ನಿಲ್ಲಿಸಿದೆ. ಕೆಳಗೆ ಏಣಿ ಹತ್ತಿ, ಪಸೆ ಬಂದ ಕಡೆಯೆಲ್ಲ ಚಾಕ್‌ಪೀಸಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಟೈಮು ಬರೆದೆ. ಮೇಸ್ತ್ರಿ ಇಡೀ ಟೆರೇಸ್ ಹೋಗಿದೆ ಎಂದಿದ್ದರು. ಹೋಗಿದ್ದು ಸ್ಟೋರ್ ರೂಮಿನ ಮೇಲೆ, ಪೈಪಿನ ಬಾಯಿ ಸುತ್ತ ಒಂದೂವರೆ ಅಡಿ ಜಾಗ! ಅಲ್ಲೂ ಮೊದಲು ಎಡವಿದೆ. 18 ಸಾವಿರ ಕೊಟ್ಟು ಡಾಂಬರ್ ಶೀಟ್ ಅಂಟಿಸಿದೆ. ಏಪ್ರಿಲ್ ಬಿಸಿಲಿಗೆ ಅಂಚು ಸುರುಳಿ ಸುತ್ತಿತು, ಒಂದೇ ಮಳೆಗೆ ಮತ್ತೆ ಸೋರಿತು. ಕಿತ್ತು ಹಾಕಿ, ಪೈಪಿನ ಬಾಯಿ ಒಡೆದು ಹೊಸದು ಕೂರಿಸಿ, ಅದರ ಕಡೆಗೆ ಇಳಿಜಾರು ಕೊಟ್ಟು ಗಾರೆ ಮಾಡಿಸಿ, ಮೇಲೆ ವಾಟರ್‌ಪ್ರೂಫ್ ಕೋಟ್ ಹೊಡೆಸಿದೆ. ಇನ್ನೊಂದು 26 ಸಾವಿರ.

ಉಪ್ಪೆದ್ದ ಗೋಡೆಗಳನ್ನು ಇಟ್ಟಿಗೆ ಕಾಣುವ ತನಕ ಕೆರೆಸಿ, ಒಂದು ತಿಂಗಳು ಸುಮ್ನೆ ಒಣಗಲು ಬಿಟ್ಟೆ. ಪೇಂಟು ಆಷಾಢದಲ್ಲಿ. ಆಗ ಮನೆ ನೋಡಲು ಯಾರೂ ಬರುವುದಿಲ್ಲ, ಗೃಹಪ್ರವೇಶಗಳೂ ಇಲ್ಲ, ಪೇಂಟರ್‌ಗಳು ಕೈಗೆ ಸಿಗುತ್ತಾರೆ.

ನೆಲ ಮೊಸಾಯಿಕ್. ದುಡ್ಡು ಉಳಿಸೋಣ ಅಂತ ಒಂದು ರೂಮಿಗೆ ಆಸಿಡ್ ಹಾಕಿ ತಿಕ್ಕಿಸಿದೆ. ಕೊಳೆ ಜೊತೆ ಸಿಮೆಂಟನ್ನೂ ತಿಂದುಹಾಕಿತು, ಕೈಯಾಡಿಸಿದರೆ ಉಪ್ಪುಕಾಗದದ ಹಾಗೆ ತರಿತರಿ. ಕೊನೆಗೆ ಮೆಷಿನ್ ಪಾಲಿಶ್‌ಗೇ ಹೋಗಬೇಕಾಯಿತು, ಎಲ್ಲಾ ಸೇರಿ 17 ಸಾವಿರ. ಪಾಲಿಶ್ ಆದ ಮೇಲೆ ನಾನೇ ಬಟ್ಟೆಯಲ್ಲಿ ಒಂದು ಎಣ್ಣೆ ಒರೆಸಿದೆ. ಅದು ಏನು ಅಂತ ಇಲ್ಲಿ ಬರೆಯಲ್ಲ.

ಸಾಂಬ್ರಾಣಿ ಹಾಕಿ ನೋಡಿದೆ. "ಏನೋ ವಾಸನೆ ಮುಚ್ತಿದ್ದಾರೆ" ಎಂದು ಒಬ್ಬ ಹೆಂಗಸು ಗಂಡನ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. ಅವತ್ತೇ ನಿಲ್ಲಿಸಿ, ಕಿಟಕಿ ತೆಗೆದಿಟ್ಟೆ. ಬಿಳಿ ಬಲ್ಬು ತೆಗೆದು ಹಳದಿ ಹಾಕಿದ್ದು ಮಾತ್ರ ಮೋಡದ ದಿನಗಳಲ್ಲಿ ಕೆಲಸ ಮಾಡಿತು.

ಕಾಗದ ಪತ್ರದ ಪೆಟ್ಟು ಬೇರೆ. ಮೇ ತಿಂಗಳಲ್ಲೇ ಒಬ್ಬರು ಒಪ್ಪಿದ್ದರು. ಅವರ ವಕೀಲರು ಕೇಳಿದ ಮೊದಲ ಪ್ರಶ್ನೆ, "ಹೆಣ್ಣುಮಕ್ಕಳ ಸಹಿ?" ಅಕ್ಕ ಪುಣೆಯಲ್ಲಿ. ಖಾತೆ ಇನ್ನೂ ಅಪ್ಪನ ಹೆಸರಲ್ಲಿ. ಅವರು ಕಾಯಲಿಲ್ಲ. ಆಮೇಲೆ ಅಕ್ಕನನ್ನು ಕರೆಸಿ, ವಂಶವೃಕ್ಷ ಮಾಡಿಸಿ, ಖಾತೆ ನಮ್ಮಿಬ್ಬರ ಹೆಸರಿಗೆ ಮಾಡಿಸಿಕೊಂಡೆ. 30 ವರ್ಷದ ಇಸಿ (ಋಣಭಾರ ಪತ್ರ), ಕಂದಾಯದ ರಸೀದಿ, ವಾಣಿ ವಿಲಾಸ ನೀರಿನ ಬಿಲ್ಲು, ಚೆಸ್ಕಾಂ ಕರೆಂಟ್ ಬಿಲ್ಲು, ಎಲ್ಲಾ ಒಂದು ಫೈಲು. ಮನೆ ನೋಡಿ ಹೊರಡುವಾಗ ಜೆರಾಕ್ಸ್ ಸೆಟ್ ಕೈಗೇ ಕೊಡುತ್ತಿದ್ದೆ.

ಇನ್ನು ತೋರಿಸಿದ್ದು. ಮಳೆ ಶುರುವಾದ ತಕ್ಷಣ ಫೋನ್ ಮಾಡಿ "ಈಗ್ಲೇ ಬನ್ನಿ" ಎನ್ನುತ್ತಿದ್ದೆ. ಸ್ಟೋರ್ ರೂಮಿನ ಸೂರಿಗೆ ಮಾತ್ರ ಬಣ್ಣ ಹೊಡೆಸಿರಲಿಲ್ಲ, ಚಾಕ್ ಗೆರೆ, ಟೈಮು ಹಾಗೇ ಇದ್ದವು. ಕೊನೆಗೆ ಕೊಂಡವರು ಬ್ಯಾಂಕಿನಿಂದ ರಿಟೈರ್ ಆದವರು. ಛತ್ರಿ ಬಾಗಿಲಲ್ಲಿಟ್ಟು ಬಂದು, "ಇಲ್ಲೇ ಸೋರ್ತಿತ್ತಾ?" ಎಂದು ಸ್ಟೂಲ್ ಹತ್ತಿದರು. ಗೆರೆಯೊಳಗೆ ಅಂಗೈ ಒತ್ತಿದರು. ಹೊರಗೆ ಧೋ ಎಂದು ಸುರಿಯುತ್ತಿತ್ತು. ಕೈಗೆ ಹತ್ತಿದ್ದು ಬರೀ ಚಾಕಿನ ಪುಡಿ. ಆಮೇಲೆ ಚೌಕಾಸಿ ಆಗಿದ್ದು ಒಂದೇ ಲಕ್ಷಕ್ಕೆ.

ಗೋಡೆ-ಪೇಂಟಿಗೆ 95 ಸಾವಿರದ ಹತ್ತಿರ, ನಲ್ಲಿ, ಸಂಪು ಅಂತ 20, ಕಾಗದಕ್ಕೆ 15. ಟೆರೇಸ್, ನೆಲದ ಖರ್ಚೂ ಸೇರಿ ಒಟ್ಟು ಎರಡು ಲಕ್ಷಕ್ಕೆ ಒಂಚೂರು ಕಮ್ಮಿ. 50 ಲಕ್ಷ ದಾಟಿದ್ದಕ್ಕೆ ಕೊಳ್ಳುವವರು ಶೇ. 1 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಹಿಡಿದುಕೊಂಡರು, ಅಂದರೆ ಲಕ್ಷದ ಮೇಲೆ ಕೈಗೆ ಕಮ್ಮಿ ಬಂತು. ಅದನ್ನು ಮೊದಲೇ ಲೆಕ್ಕ ಹಿಡಿದಿರಲಿಲ್ಲ.

ಒಂದು ರೂಪಾಯಿನೂ ಹಾಕಬೇಡಿ ಎಂದಿದ್ದ ಬ್ರೋಕರ್ ಕಳೆದ ತಿಂಗಳು ಫೋನ್ ಮಾಡಿದ್ದರು, ಟೆರೇಸ್ ಮೇಸ್ತ್ರಿಯ ನಂಬರ್ ಬೇಕಂತೆ. ಕೊಟ್ಟೆ. ಎಣ್ಣೆ ಯಾವುದು ಎಂದೂ ಕೇಳಿದರು. ಕೊಬ್ಬರಿ ಎಣ್ಣೆ ಅಲ್ಲ ಅಂತ ಮಾತ್ರ ಹೇಳಿದೆ.